ಮೂರಕ್ಕೂ ಒಂದೇ ತುಟಿ

ನಮ್ಮ ಮನೆಯಲ್ಲಿ ರತ್ನತ್ತಿಗೆಯ ಎದುರು ಯಾರೂ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವಂತಿರಲಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಿದರಂತೂ ಬೈಗುಳ ಖಚಿತ. "ತಿನ್ನದಾದ್ರೆ ತಿನ್ನು, ಮಾತಾಡದಾದ್ರೆ ಮಾತಾಡು. ಎರಡೂ ಸೇರಿಸ್ಬುಟ್ರೆ ನಂಗೆ ಕೇಳ್ಸಕಿಲ್ಲ ಕಣೇ!" ಎನ್ನುವರು. ಹರೆಯದಲ್ಲಿ ಬಂದ ಜ್ವರವೊಂದು ಅವರ ಎರಡೂ ಕಿವಿಗಳನ್ನು ಕಿತ್ತುಕೊಂಡಿತ್ತು. ಎದುರಿನವರ ತುಟಿ ನೋಡಿಯೇ ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ದನಿ ಎಷ್ಟು ಜೋರಾಗಿದೆಯೆಂದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ನನಗೆ ಹೇಳಿದ ಗುಟ್ಟುಗಳೆಲ್ಲ ಕುಂಬಾರಕೊಪ್ಪಲಿನ ನಮ್ಮ ಇಡೀ ಬೀದಿಗೆ ಗೊತ್ತಿದ್ದವು.

ಅಣ್ಣ ಮದುವೆಯಾದಾಗ ಅವನ ಮೀಸೆ ಮೇಲ್ತುಟಿಯನ್ನು ಪೂರ್ತಿ ಮುಚ್ಚಿತ್ತು. "ಇವ್ರ ಮೀಸೆ ಅಲ್ಲಾಡದು ಕಾಣ್ತದೆ, ಮಾತು ಕಾಣಕಿಲ್ಲ" ಎಂದು ಹೊಸ ಸೊಸೆ ನನ್ನ ಬಳಿ ಗುಟ್ಟಾಗಿ ಹೇಳಿದರು. ಗುಟ್ಟು ಅಣ್ಣನಿಗೂ ಕೇಳಿಸಿತು. ಮಾರನೆಯ ಬೆಳಿಗ್ಗೆ ಅವನು ಮೀಸೆ ಬೋಳಿಸಿಕೊಂಡು ಬಂದ. ತಂದೆ ತೀರಿಕೊಂಡಾಗ ಮಾತ್ರ ಮೀಸೆ ತೆಗೆಯುವ ಪದ್ಧತಿ ನಮ್ಮದು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತಿ ನೋಡಿ, "ನಾನಿನ್ನೂ ಬದುಕಿವ್ನಿ ಕಣೋ!" ಎಂದು ಕೂಗಿಕೊಂಡರು. ಹಾಲಿನ ಅಂಗಡಿಯಲ್ಲಿ ಯಾರೋ ಅಣ್ಣನ ಹೆಗಲು ತಟ್ಟಿ, "ಯಾವಾಗ ಹೋದ್ರು ಯಜಮಾನ್ರು?" ಎಂದು ಕೇಳಿದರಂತೆ. ಆದರೂ ಅಣ್ಣ ಮತ್ತೆ ಮೀಸೆ ಬಿಡಲಿಲ್ಲ.

ತುಟಿ ಓದುವವರಿಗೂ ಒಂದು ತೊಡಕಿದೆ. ಒಮ್ಮೆ ನಾನು ಡಬ್ಬವೊಂದನ್ನು ಕೊಟ್ಟು "ಮೇಲೆ ಇಡಿ" ಎಂದು ಹೇಳಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. "ಬೇಳೆ ಇಡಿ ಅಂದ್ಯಲ್ಲೇ?" ಎಂದರು ಅವರು. ನಾನು ನಕ್ಕಿದ್ದಕ್ಕೆ ಕೋಪವಿಲ್ಲದೆ ಹೇಳಿದರು: "ಪಾ, ಬಾ, ಮಾ, ಮೂರಕ್ಕೂ ಒಂದೇ ತುಟಿ ಕಣೇ. ನಿಂಗೆ ಕಿವಿ ಐತೆ, ಅದ್ಕೇ ಬೇರೆ ಬೇರೆ ಅನ್ಕೊಂಡಿದ್ದೀಯ."

ಆಮೇಲೆ ಮಾಸ್ಕಿನ ಕಾಲ ಬಂತು. ತರಕಾರಿ ಗಾಡಿಯವರು, ಪಕ್ಕದ ಮನೆಯವರು, ಎಲ್ಲರ ಬಾಯಿಗೂ ಬಟ್ಟೆ. ಗೇಟಿನ ಬಳಿ ನಿಂತು ಯಾರ್ಯಾರದೋ ಕಣ್ಣುಗಳನ್ನಷ್ಟೇ ನೋಡಿ ಒಳಗೆ ಬಂದ ಅತ್ತಿಗೆ, "ಈಗ ನಾನು ನಿಜ್ವಾಗ್ಲೂ ಕಿವುಡಿ ಆಗ್ಬುಟ್ಟೆ" ಎಂದು ಕಣ್ಣೊರೆಸಿಕೊಂಡರು. ಹೊರಗಿನ ಲೋಕದ ಬಾಯಿ ಅವರಿಗೆ ಕಾಣುತ್ತಿದ್ದುದು ಫೋನಿನಲ್ಲಿ ಮಾತ್ರ. ಚಾಮರಾಜಪುರದಲ್ಲಿದ್ದ ಮಗಳು ವಿದ್ಯಾ ತುಂಬು ಬಸುರಿ, ಬರುವಂತಿರಲಿಲ್ಲ. ದಿನವೂ ವಿಡಿಯೋ ಕಾಲ್ ಮಾಡುತ್ತಿದ್ದಳು. ಮಾತು ಮುಗಿಯುತ್ತಾ ಬಂದಂತೆ ಅತ್ತಿಗೆ, "ಮತ್ತೇನೇ?" ಎನ್ನುವರು. ಇನ್ನೂ ಏನಾದರೂ ಹೇಳು, ಈಗಲೇ ಇಡಬೇಡ ಎಂದು ಅದರ ಅರ್ಥ.

ಆ ಫೋನು ಒಂದು ದಿನ ಒಗೆಯುವ ಕಲ್ಲಿನ ಮೇಲೆ ಬಿತ್ತು. ಗಾಜು ಒಡೆದು ಪರದೆ ಕಪ್ಪಾಯಿತು. ನನ್ನ ಫೋನು ಆಫೀಸಿನ ಕರೆಗಳಿಗೇ ಸಾಲುತ್ತಿರಲಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹಿಂದಿನ ಬೀದಿಯಲ್ಲಿದ್ದ ಮೊಬೈಲ್ ಅಂಗಡಿಯವರನ್ನು ಕಾಡಿದಾಗ, ತಮ್ಮ ಮನೆಯ ಕಾಂಪೌಂಡಿನ ಮೇಲಿಂದ ಹೊಸ ಡಿಸ್‌ಪ್ಲೇ, ಪುಟ್ಟ ಸ್ಕ್ರೂಡ್ರೈವರ್, ಅಂಟು ಕೊಟ್ಟು, "ಬೇರೆಯವ್ರ ಫೋನ್ ಮುಟ್ಟಕ್ಕೆ ಭಯ ಮೇಡಂ, ನೀವೇ ಹಾಕೊಳ್ಳಿ" ಎಂದರು.

ಅತ್ತಿಗೆ ಊಟದ ಮೇಜಿಗೆ ಬಿಳಿ ಪಂಚೆ ಹಾಸಿ ಕೂತರು. ನನ್ನ ಫೋನಿನಲ್ಲಿ ರಿಪೇರಿಯ ವಿಡಿಯೋ. ಅದರಲ್ಲಿ ಎರಡು ಕೈಗಳು ಮಾತ್ರ ಕಾಣುತ್ತಿದ್ದವು. "ಬಾಯೇ ಇಲ್ದೋನ ಹತ್ರ ಎಂಗೆ ಕಲಿಯದು?" ಎಂದರು. ಅವನ ಮಾತನ್ನು ನಾನು ನನ್ನ ಬಾಯಲ್ಲಿ ಹೇಳಬೇಕಾಯಿತು. ಕೆಲಸ ನೋಡಿದರೆ ಅವರಿಗೆ ನನ್ನ ಮಾತು ಕಾಣದು, ನನ್ನನ್ನು ನೋಡಿದರೆ ಕೆಲಸ ಕಾಣದು. ನಾನು ಅವರ ಮಂಡಿ ತಟ್ಟುತ್ತಿದ್ದೆ, ಅವರು ತಲೆಯೆತ್ತುತ್ತಿದ್ದರು, ನಾನು ಒಂದು ಮಾತು ಹೇಳಿದ ಮೇಲೆ ಮತ್ತೆ ತಲೆ ಬಗ್ಗಿಸುತ್ತಿದ್ದರು. ಬಿಚ್ಚಿದ ಸ್ಕ್ರೂಗಳು ಉರುಳದಂತೆ ಒಂದೊಂದನ್ನೂ ಹಣೆಬೊಟ್ಟಿನ ಸ್ಟಿಕ್ಕರ್‌ನ ಅಂಟಿಗೆ ಅಂಟಿಸಿ ಸಾಲಾಗಿ ಇಟ್ಟರು. ಹಳೆಯ ಅಂಟು ಸಡಿಲವಾಗಲೆಂದು ಹೇರ್ ಡ್ರೈಯರ್ ಹಿಡಿದಾಗ, ಅದರ ಸದ್ದನ್ನು ಮೀರಿಸಲು ನಾನು ಕಿರುಚತೊಡಗಿದೆ.

"ಕಿರುಚ್ಬೇಡ ಕಣೇ, ತುಟಿ ಸೊಟ್ಟ ಆಯ್ತದೆ. ಊಂ ಊಂ ಅಂತಾನೂ ಅನ್ಬೇಡ, ಅದು ಕಾಣಕಿಲ್ಲ. ತಲೆ ಆಡ್ಸು, ಸಾಕು."

ಒಡೆದ ಗಾಜು ತೆಗೆಯುವಾಗ ಅವರ ಬೆರಳಿಗೆ ಗೀರಿತು. ಅರಿಸಿನ ಒತ್ತಿಕೊಂಡು ಮುಂದುವರಿಸಿದರು. ಹೊಸ ಪರದೆ ಕೂರಿಸಿ, ಅಂಟು ಒಣಗಲೆಂದು ತಲೆಗೂದಲಿನ ರಬ್ಬರ್ ಬ್ಯಾಂಡುಗಳನ್ನು ಸುತ್ತಿ, ಕಾದು ಬಟನ್ ಒತ್ತಿದರು. ಬೆಳಕು ಬಂತು. ವಿದ್ಯಾಳಿಗೆ ಕರೆ ಹೋಯಿತು. ಮಗಳ ಮುಖ ಮೂಡಿದೊಡನೆ ಅತ್ತಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಬಾಯಿ ಬಂತು! ನನ್ ಮಗಳ ಬಾಯಿ ಬಂತು!"

ಮೊಮ್ಮಗಳನ್ನು ಮೊದಲು ನೋಡಿದ್ದು ಆ ಪರದೆಯಲ್ಲೇ. ಅದಾಗಿ ಕೆಲವೇ ತಿಂಗಳಲ್ಲಿ ಜ್ವರ ಅವರನ್ನೂ ಹಿಡಿಯಿತು. ಆಸ್ಪತ್ರೆಯೊಳಗೆ ನಮ್ಮನ್ನು ಬಿಡಲಿಲ್ಲ. ಅಲ್ಲಿ ಡಾಕ್ಟರಿಂದ ಆಯಾವರೆಗೂ ಒಂದೇ ಒಂದು ಬಾಯಿ ಅವರಿಗೆ ಕಾಣುವಂತಿರಲಿಲ್ಲ. ಉಳಿದದ್ದು ಆ ಫೋನು. ನಾನು ಕರೆ ಮಾಡಿ ನಿಧಾನವಾಗಿ, ತುಟಿ ಬಿಡಿಸಿ ಮಾತಾಡುತ್ತಿದ್ದೆ. ಆಮ್ಲಜನಕದ ಮಾಸ್ಕ್ ತೊಟ್ಟ ಅವರು ಕಣ್ಣು ಕದಲಿಸದೆ ಕೇಳಿಸಿಕೊಳ್ಳುತ್ತಿದ್ದರು. ಈ ಪರದೆಯಲ್ಲಾದರೂ ಅವರಿಗೆ ಕೇಳುತ್ತಿದೆಯಲ್ಲ ಎಂಬುದೊಂದೇ ನನಗೆ ಸಮಾಧಾನ.

ಒಂದು ಸಂಜೆ ಅವರೇ ಮಾಸ್ಕ್ ಸರಿಸಿ ಏನೋ ಹೇಳಿದರು. ಬೀದಿಗೆಲ್ಲ ಕೇಳುತ್ತಿದ್ದ ದನಿ ಹೊರಡಲೇ ಇಲ್ಲ. ತುಟಿ ಮಾತ್ರ ಅಲುಗಿತು, ಒಂದೇ ಒಂದು ಮಾತಿಗೆ. ನಾನು ತಲೆ ಆಡಿಸಿದೆ. ನರ್ಸ್ ಮಾಸ್ಕನ್ನು ಮತ್ತೆ ಮುಖಕ್ಕೆ ಹಾಕಿದರು. ಬೆಳಗಾಗುವಷ್ಟರಲ್ಲಿ ಅತ್ತಿಗೆ ಇರಲಿಲ್ಲ.

ಫೋನು ಪ್ಲಾಸ್ಟಿಕ್ ಕವರಿನಲ್ಲಿ ಮನೆಗೆ ಬಂತು. ನಾವು ಕೂರಿಸಿದ ಗಾಜಿನ ಮೇಲೆ ಒಂದು ಗೀರೂ ಇಲ್ಲ. ಅಣ್ಣ ಈಗ ಮೀಸೆ ಬಿಟ್ಟಿದ್ದಾನೆ.

ಒಮ್ಮೊಮ್ಮೆ ನಾನು ಆ ಫೋನಿನ ಕ್ಯಾಮೆರಾ ತೆರೆದು, ನನ್ನ ಮುಖ ನೋಡಿಕೊಳ್ಳುತ್ತಾ, ದನಿಯಿಲ್ಲದೆ "ಬತ್ತೀನೇ" ಎನ್ನುತ್ತೇನೆ. ಆಮೇಲೆ "ಮತ್ತೇನೇ" ಎನ್ನುತ್ತೇನೆ. ಎರಡಕ್ಕೂ ಒಂದೇ ತುಟಿ. ಅಂದು ಅವರು ಬತ್ತೀನೇ ಎಂದಿದ್ದರೆ ನಾನು ತಲೆ ಆಡಿಸಿದ್ದು ಸರಿ. ಮತ್ತೇನೇ ಎಂದಿದ್ದರೆ, ನನ್ನ ಮಾತಿಗೆ ಅವರು ಕಾಯುತ್ತಿದ್ದರು.