ಸತ್ತಿತೆಂದು ಬರೆದಿಟ್ಟ ಮೀನಿನ ಹೆಸರು

ಮೊನ್ನೆ ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಕೋಣೆಯ ಬಾಗಿಲಲ್ಲೇ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಗಾಜಿನ ಜಾಡಿ, ಜಾಡಿಯಲ್ಲಿ ಬಿಳಿಚಿಕೊಂಡ ಮೀನು. ಮಗಳು ಕೈ ಹಿಡಿದು ಜಗ್ಗುತ್ತಿದ್ದಳು, ನನಗೆ ಮಾತ್ರ ಕಾಲು ಕೀಳಲಾಗಲಿಲ್ಲ. ಎರಡು ವರ್ಷ ಆ ವಾಸನೆ ನನ್ನ ಪಕ್ಕದ ಮನೆಯಲ್ಲೇ ಇತ್ತು, ಒಬ್ಬ ಹೆಂಗಸಿನ ಸೆರಗಿನಲ್ಲಿ...

ಆಗ ನಾನು ಪುಣೆ ಹತ್ತಿರದ ಚಾಕಣದಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಭೋಸರಿಯಲ್ಲಿ ಬಾಡಿಗೆ ಕೋಣೆ. ಪಕ್ಕದ ಮನೆಯ ಆ ಹೆಂಗಸು ಪುಣೆಯ ಶಿವಾಜಿನಗರದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜಾಡಿ ತೊಳೆಯುವ, ಫಾರ್ಮಲಿನ್ ಬದಲಿಸುವ ಕೆಲಸದಲ್ಲಿದ್ದರು. ಅಲ್ಲಿ ಎಲ್ಲರೂ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಓಣಿಯಲ್ಲಿ ಇಡೀ ದಿನ ಮರಾಠಿ ಮಾತಾಡುತ್ತಿದ್ದವರು ನಾನು ದಾವಣಗೆರೆಯವನೆಂದು ಗೊತ್ತಾದ ದಿನ ಕನ್ನಡಕ್ಕೆ ಹೊರಳಿದರು. ಆಮೇಲೆ ಅವರ ಬಾಯಿಗೆ ಬಿಡುವೇ ಇರಲಿಲ್ಲ.

ಅವರು ವಿಜಾಪುರ ಕಡೆಯ ವ್ಯಾಪಾರಸ್ಥರ ಮನೆಯ ಹಿರಿಯ ಮಗಳು. ಬೇರೆ ಜಾತಿಯ ಮರಾಠಿ ಹುಡುಗನನ್ನು ಮೆಚ್ಚಿ ಪುಣೆಗೆ ಬಂದುಬಿಟ್ಟಿದ್ದರು. ಅತ್ತ ಊರಿನಲ್ಲಿ ಅಪ್ಪ ಮಗಳು ಸತ್ತಳೆಂದು ತಲೆಗೆ ಸ್ನಾನ ಮಾಡಿ, ಎಳ್ಳು ನೀರು ಬಿಟ್ಟು, ಬಂಧುಬಳಗಕ್ಕೆ ಊಟ ಹಾಕಿಸಿದ್ದ. "ನನ್ನ ತಿಥಿ ಊಟ ಭಾಳ ಚಲೋ ಆಗಿತ್ತಂತ," ಎಂದು ಮೌಶಿ ನಕ್ಕಿದ್ದರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವರಿಗೆ ಉಳಿದಿದ್ದ ಆಸೆ ಒಂದೇ: ತಂಗಿ. ಮನೆ ಬಿಟ್ಟಾಗ ಅವಳಿಗಿನ್ನೂ ಹದಿನಾಲ್ಕು. ಆಮೇಲೆ ಅವಳನ್ನು ಸೊಲ್ಲಾಪುರದ ಕಡೆ ಕೊಟ್ಟರೆಂಬ ಸುದ್ದಿಯಷ್ಟೇ ಕಿವಿಗೆ ಬಿದ್ದಿತ್ತು. ವಿಳಾಸ ಗೊತ್ತಿಲ್ಲ, ಗೊತ್ತಿದ್ದರೂ ಬಾಗಿಲು ಬಡಿಯುವ ಧೈರ್ಯವಿಲ್ಲ.

ಒಂದು ಭಾನುವಾರ ನನ್ನ ಫೋನಿನಲ್ಲಿ ಅವರಿಗೆ ಒಂದು ಕನ್ನಡ ಗುಂಪು ತೋರಿಸಿದೆ. ಉತ್ತರ ಕರ್ನಾಟಕದ ಹಬ್ಬ, ಅಡುಗೆ, ಹಳೆಯ ಮಾತುಗಳ ಬಗ್ಗೆ ಜನ ಬರೆಯುತ್ತಿದ್ದರು. ತಂಗಿಯೂ ಎಲ್ಲಾದರೂ ಓದಿಯಾಳೆಂದು ಮೌಶಿಗೂ ಬರೆಯುವ ಆಸೆಯಾಯಿತು. ಕಣ್ಣಿಗೆ ಪೊರೆ ಬರುತ್ತಿತ್ತು, ಹಾಗಾಗಿ ಅವರು ಹೇಳುವುದು, ನಾನು ಒತ್ತುವುದು ಎಂದಾಯಿತು. ಆದರೆ ಖಾತೆಗೆ ಹೆಸರೇನು ಇಡುವುದು? ನಿಜವಾದ ಹೆಸರು ಬೇಡ, ಬಳಗದವರು ಕಂಡರೆ ಓದುವ ಮೊದಲೇ ಮುಖ ತಿರುಗಿಸುತ್ತಾರೆ ಎಂದರು. ನಾನು ಮಲ್ಲಿಗೆ, ಸಂಪಿಗೆ ಎಂದೆಲ್ಲ ಹೇಳಿ ನೋಡಿದೆ. ಊದುಬತ್ತಿಯ ಹೆಸರೆಲ್ಲ ತನಗೆ ಬೇಡವೆಂದು ಗದರಿದರು. ಆಮೇಲೆ ತಮ್ಮ ವಿಭಾಗದ ಗೋಡೆಯ ಮೇಲೆ ಚಿತ್ರವಿದ್ದ ಒಂದು ಮೀನನ್ನು ನೆನಪಿಸಿಕೊಂಡರು. ಸೀಲಕ್ಯಾಂತ್.

"ಅದು ಕೋಟಿಗಟ್ಟಲೆ ವರ್ಷದ ಹಿಂದ ಸತ್ತದ ಅಂತ ಶಾಣ್ಯಾರೆಲ್ಲ ಬರದಿಟ್ಟಿದ್ರಂತ. ಒಂದಿನ ಮೀನಗಾರ್ರ ಬಲಿಯೊಳಗ ಜೀವಂತ ಬಂತು ನೋಡು. ಅದನ್ನ ಇಡು," ಎಂದರು.

ಹೀಗೆ ನಮ್ಮ ಸೀಲಕ್ಯಾಂತ್ ಹುಟ್ಟಿತು. ಪ್ರತಿ ಭಾನುವಾರ ಹಚ್ಚಿದ ಅವಲಕ್ಕಿ ಮುಂದಿಟ್ಟು ಮೌಶಿ ಹೇಳುತ್ತಿದ್ದರು. ಒಮ್ಮೆ ನಾಗರಪಂಚಮಿಯ ಬಗ್ಗೆ ಹೇಳಿದರು. ಅವರ ಅವ್ವ ಮೊದಲ ಉಂಡಿಯನ್ನು ಖಾಲಿ ಜೋಕಾಲಿಯ ಹಲಗೆಯ ಮೇಲಿಟ್ಟು ಒಂದು ಸಲ ತೂಗುತ್ತಿದ್ದಳಂತೆ, ಹಬ್ಬಕ್ಕೆ ತವರಿಗೆ ಬರಲಾಗದ ಹೆಣ್ಣುಮಕ್ಕಳ ಪಾಲೆಂದು. ಆಮೇಲೆಯೇ ಮಕ್ಕಳು ಜೋಕಾಲಿ ಹತ್ತಬೇಕು. ಆ ಬರಹ ಓದಿ ಗುಂಪಿನವರೆಲ್ಲ ಕಣ್ಣೀರಿಟ್ಟರು. ‘ಸರ್, ಎಂಥ ಬರವಣಿಗೆ’ ಎಂದು ಬರೆದರು. ಮೀನಿನ ಹೆಸರಿನ ಹಿಂದಿರುವುದು ಗಂಡಸೆಂದು ಅವರೇ ತೀರ್ಮಾನಿಸಿದ್ದರು. ಮೌಶಿಗೆ ಅದನ್ನು ಓದಿ ಹೇಳುವಾಗ ‘ಸರ್’ ಎಂಬುದನ್ನು ನಾನು ನುಂಗಿಬಿಟ್ಟೆ. ನನಗದು ರುಚಿಸತೊಡಗಿತ್ತು, ಮುಚ್ಚಿಡುವುದೇನು.

ಗುಂಪಿನವರು ಶಿವಾಜಿನಗರದ ಒಂದು ಸಭಾಂಗಣದಲ್ಲಿ ಸೇರುವುದೆಂದಾಯಿತು. ಮೌಶಿ ಬರಲು ಒಪ್ಪಲಿಲ್ಲ. ನಾಲ್ಕು ಜನರ ಮುಂದೆ ತಂಗಿ ಗುರುತಿಲ್ಲ ಎಂದುಬಿಟ್ಟರೆ ತಾಳಲಾರೆ ಎಂದರು. ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು: "ನಮ್ಮ ಕಡಿಯಾಕಿ ಯಾರರ ಕೇಳಿದ್ರ, ಸೀದಾ ನನ್ನ ಮನೀಗೆ ಕರಕೊಂಡು ಬಾ."

ಹೋದೆ. ಬಾಗಿಲಲ್ಲೇ ಯಾರೋ ಸೀಲಕ್ಯಾಂತ್ ಅಂದರೆ ನೀವೇನಾ ಎಂದರು. ಹೂಂ ಎಂದುಬಿಟ್ಟೆ. ಅಯ್ಯೋ, ಆ ಒಂದು ಹೂಂ... ಮುಂದಿನ ಸಾಲಿನಲ್ಲಿ ಕೂರಿಸಿದರು, ಶಾಲು ಹೊದಿಸಿದರು, ಚಪ್ಪಾಳೆ ಹೊಡೆದರು. ಮೀನಿನ ಕಥೆ ಹೇಳಿ ನಗಿಸಿದೆ ಕೂಡ. ಚಹಾದ ಹೊತ್ತಿಗೆ ಸೊಲ್ಲಾಪುರದಿಂದ ಬಂದಿದ್ದ ಒಬ್ಬ ಹೆಂಗಸು ಹತ್ತಿರ ಬಂದರು. ಐವತ್ತು ದಾಟಿರಬಹುದು. ಜೋಕಾಲಿಯ ಮೇಲೆ ಉಂಡಿ ಇಡುವುದನ್ನು ನಿಮಗೆ ಯಾರು ಹೇಳಿದರೆಂದು ಕೇಳಿದರು. ಸುತ್ತ ಹತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು, ಹೆಗಲ ಮೇಲೆ ಶಾಲು ಇತ್ತು.

ನಮ್ಮಜ್ಜಿ, ದಾವಣಗೆರೆಯವಳು ಎಂದೆ.

"ನಮ್ಮವ್ವ ಒಬ್ಬಾಕಿನ ಹಂಗ ಮಾಡತಿದ್ಲು ಅಂತ ತಿಳಕೊಂಡಿದ್ನಿರಿ," ಎಂದರು. ಊಟಕ್ಕೂ ಇರದೆ ಹೊರಟುಹೋದರು. ಅವರು ಯಾರೆಂದು ನನಗೆ ಗೊತ್ತಾಗಿತ್ತು. ಹಿಂದೆ ಓಡಬಹುದಿತ್ತು, ಬಸ್ ನಿಲ್ದಾಣ ಕೂಗಳತೆಯಲ್ಲಿತ್ತು.

ಸಂಜೆ ಮೌಶಿ ಬಾಗಿಲಲ್ಲೇ ಕಾದಿದ್ದರು. ಮನೆ ಸಾರಿಸಿ, ಒಳ್ಳೆಯ ಸೀರೆ ಉಟ್ಟಿದ್ದರು. ಯಾರೂ ಕೇಳಲಿಲ್ಲ ಎಂದೆ. ಶಾಲನ್ನು ಆಗಲೇ ಚೀಲದ ತಳಕ್ಕೆ ತುರುಕಿದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೇ ವಾರ ಕಳೆಯಿತು. ಮುಂದಿನ ಭಾನುವಾರ, ಗುಂಪೇ ಮುಚ್ಚಿಹೋಯಿತೆಂದು ಇನ್ನೊಂದು ಸುಳ್ಳು ಪೋಣಿಸಿದೆ. ಹೋಗಲಿ ಬಿಡು ಎಂದು ಅವಲಕ್ಕಿಯ ತಟ್ಟೆ ನನ್ನತ್ತ ಸರಿಸಿದರು. ತಿಂದೆ. ನನ್ನ ಜನ್ಮಕ್ಕಿಷ್ಟು!

ಮದುವೆಯಾಗಿ ಚಾಕಣದಲ್ಲೇ ಮನೆ ಮಾಡಿದೆ. ಮೌಶಿ ತೀರಿಕೊಂಡದ್ದು ನನಗೆ ಎರಡು ತಿಂಗಳು ತಡವಾಗಿ ತಿಳಿಯಿತು. ಕಾಲೇಜಿನವರೇ ಎಲ್ಲ ಮಾಡಿದರಂತೆ. ಕೊನೆಗೆ ಯಾರನ್ನಾದರೂ ಕೇಳಿದರೋ ಏನೋ... ವಿಚಾರಿಸುವ ಮುಖ ನನಗಿರಲಿಲ್ಲ.

ಪ್ರದರ್ಶನದಿಂದ ಬಂದವನೇ ಆ ಹಳೆಯ ಖಾತೆ ತೆರೆದೆ. ಸಭೆ ಮುಗಿದ ಮರುದಿನವೇ ಬಂದ ಒಂದು ಸಂದೇಶ ಇಷ್ಟು ವರ್ಷವೂ ನಾನು ಓದದೆ ಹಾಗೇ ಬಿದ್ದಿತ್ತು. ‘ನಿಮ್ಮ ಅಜ್ಜಿಯವರಿಗೆ ವಿಜಾಪುರ ಕಡೆಯವರು ಯಾರಾದರೂ ಗೊತ್ತೇ ಕೇಳಿ ತಿಳಿಸಿರಿ’ ಎಂದಿತ್ತು, ಕೆಳಗೆ ಫೋನ್ ನಂಬರು. ಆ ನಂಬರು ಇನ್ನೂ ನಡೆಯುತ್ತಿತ್ತು, ಎತ್ತಿದ್ದೂ ಆ ತಂಗಿಯೇ. ಎಲ್ಲವನ್ನೂ ಹೇಳಿದೆ, ಶಾಲಿನ ಸಮೇತ. ಅಕ್ಕ ಇದ್ದಾಳೆಯೇ ಎಂದು ಕೇಳಿದರು. ತೀರಿಕೊಂಡು ಎಂಟು ವರ್ಷವಾಯಿತು ಎಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದೇ ಪ್ರಶ್ನೆ ಕೇಳಿದರು.

"ನಾ ಹುಡಕ್ಕೊಂಡು ಬಂದಿದ್ದೆ ಅಂತ ಆಕಿಗೆ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದುಬಿಡಬಹುದಿತ್ತು. ಸುಳ್ಳು ನನಗೇನು ಹೊಸದಲ್ಲ, ಆ ಜೀವಕ್ಕೂ ಸ್ವಲ್ಪ ಸಮಾಧಾನವಾಗುತ್ತಿತ್ತು. ಆದರೆ ಬಾಯಿ ಬರಲಿಲ್ಲ. ಇಲ್ಲ, ನಾನು ಹೇಳಲೇ ಇಲ್ಲ ಎಂದೆ. ಅವರು ಅಳತೊಡಗಿದರು. ನಾನು ಫೋನ್ ಇಡದೆ, ಅವರು ಅಳುವುದನ್ನು ಪೂರ್ತಿ ಕೇಳಿಸಿಕೊಂಡೆ.