ಕಸ ಗುಡಿಸದ ಚಹಾ ಅಂಗಡಿ

ಮರಿಯಮ್ಮನಹಳ್ಳಿಯಲ್ಲಿ ಲಾರಿಗಳು ನಿಲ್ಲುವ ಕಡೆ ಈರಮ್ಮನವರ ಚಹಾ ಅಂಗಡಿಯಿದೆ. ಅಂಗಡಿಯ ಹಿಂಭಾಗವೇ ಅವರ ಮನೆ. ನಾವು ಚಹಾಕ್ಕೆ ಕೂತಿದ್ದ ಬೆಂಚಿನ ಕೆಳಗೆಲ್ಲ ಕಾಗದದ ಕಪ್ಪು, ಬೀಡಿ ತುಂಡು.

"ಏನಬೇ, ಕಸಬರಿಗಿ ಮಾರಿಬಿಟ್ಟಿಯೇನು?" ಕುಡಿದ ಕಪ್ಪನ್ನು ಎಸೆಯುತ್ತ ಲಾರಿ ಚಾಲಕನೊಬ್ಬ ಕೇಳಿದ.

"ಮಗ ಗಡಿಗೆ ಹೋಗ್ಯಾನಪ್ಪ. ಮುಟ್ಟೀನಿ ಅಂತ ಫೋನ್ ಮಾಡೋತನಕ ಗುಡಿಸಬಾರದು," ಎಂದರು ಈರಮ್ಮ.

ಹೊರಟವರು ಊರು ಮುಟ್ಟುವ ಮುನ್ನ ಮನೆ ಗುಡಿಸಬಾರದೆಂಬುದು ಇಲ್ಲಿನ ರೂಢಿ. ಸಾಮಾನ್ಯವಾಗಿ ಅದು ಅರ್ಧ ದಿನದ ಮಾತು. ರಜೆ ರದ್ದಾಗಿ ಅವರ ಸೈನಿಕ ಮಗ ಹೊರಟು ವಾರ ದಾಟಿತ್ತು.

ಅಷ್ಟರಲ್ಲಿ ಟಿ.ವಿ.ಯಲ್ಲಿ ಸುದ್ದಿ ಬಂತು. ಗಡಿಯಲ್ಲಿ ಕಾದಾಡುತ್ತಿದ್ದ ಎರಡೂ ದೇಶಗಳ ಸೇನಾಧಿಕಾರಿಗಳು ಮಾತಾಡಿ ಗುಂಡಿನ ದಾಳಿ ನಿಲ್ಲಿಸಲು ಒಪ್ಪಿದ್ದರು.

"ಒಪ್ಪ್ಯಾರಲ್ಲಬೇ, ಈಗರ ಗುಡಿಸು," ಎಂದು ಚಾಲಕ ನಗುತ್ತ ಮೂಲೆಯ ಕಸಬರಿಗೆ ತಂದುಕೊಟ್ಟ. ಈರಮ್ಮ ಅದನ್ನು ಕಂಕುಳಲ್ಲಿ ಹಿಡಿದೇ ಮಗನಿಗೆ ಫೋನ್ ಹಚ್ಚಿದರು. ಸ್ವಿಚ್ ಆಫ್ ಆಗಿದೆ ಎಂಬ ಧ್ವನಿ ನಮಗೂ ಕೇಳಿಸಿತು.

"ಅವರು ಒಪ್ಪ್ಯಾರ. ಇವ ಮುಟ್ಟೀನಿ ಅಂದಿಲ್ಲ," ಎಂದು ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟರು.

ಚಾಲಕ ಬಗ್ಗಿ, ತಾನು ಎಸೆದ ಕಪ್ಪನ್ನು ಹುಡುಕಿ ಎತ್ತಿಕೊಂಡು ಲಾರಿ ಹತ್ತಿದ.