ಸಿದ್ದಮ್ಮನ ಕೈಗೆ ನಾನು ಹೊರಿಸಿದ ರೋಗ

ಆ ವರ್ಷ ಧನಗೆರೆಯ ಮೆಣಸಿನ ಗಿಡಗಳು ಹಾಳಾದದ್ದು ಸಿದ್ದಮ್ಮನ ಕೈಯಿಂದಲ್ಲ, ನನ್ನಿಂದ. ಗೊತ್ತಿದ್ದೂ ಆಕೆಯ ಮೇಲೆ ಹೊರಿಸಿದೆ.

ಅರವತ್ತರ ದಶಕದ ಕೊನೆ; ಕೊಳ್ಳೇಗಾಲದ ಕಡೆ ಬೆಳೆರೋಗ ನೋಡುವ ಕೆಲಸ ನನ್ನದು. ಮೆಣಸಿನ ಎಲೆ ಮುರುಟಿಸುವ ವೈರಸ್ಸಿಗೆ ನಾವೊಂದು ಉಪಾಯ ಹೂಡಿದ್ದೆವು. ಅದೇ ವೈರಸ್ಸಿನ ಸಾಧು ತಳಿಯನ್ನು ಸಸಿಗೆ ಮೊದಲೇ ಉಜ್ಜಿಬಿಟ್ಟರೆ ಉಗ್ರವಾದದ್ದು ಒಳಗೆ ಬರದು — ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿದ ಹಾಗೆ. ಆದರೆ ಆ ಸಾಧು ತಳಿಯ ಮೇಲ್ಹೊದಿಕೆಯ ಪ್ರೋಟೀನಿನಲ್ಲಿ ಒಂದು ಸಣ್ಣ ಬದಲಾವಣೆ ಇತ್ತು. ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು. ನಮ್ಮ ಪ್ರಯೋಗದ ಬಿಸಿ ಕೋಣೆಯ ಸಸಿಗಳಲ್ಲಿ ಹೊದಿಕೆ ಕೆಟ್ಟು, ವೈರಸ್ಸು ಹೆಚ್ಚುತ್ತಲೇ ಇರಲಿಲ್ಲ. ಎಂದರೆ ಬಿಸಿಲುಗಾಲದಲ್ಲಿ ಗಿಡಕ್ಕೆ ಕಾವಲೇ ಇಲ್ಲ. ಇದನ್ನು ಕಣ್ಣಾರೆ ಕಂಡಿದ್ದೆ. ಹೇಳಿದ್ದರೆ ಬೇಸಿಗೆಯ ನಾಟಿ ನಿಲ್ಲುತ್ತಿತ್ತು, ಮೇಲಿನ ಸಾಹೇಬರ ಮುಂದೆ ನನ್ನ ಹೆಸರು ಕೆಡುತ್ತಿತ್ತು — ಹೇಳಲಿಲ್ಲ.

ಆ ಊರಲ್ಲಿ ಯಾರ ಹೊಲವಾದರೂ ಮೊದಲ ಸಸಿ ಸಿದ್ದಮ್ಮನೇ ನೆಡಬೇಕು. ಅಂಥ ಕೈಗುಣ ಅನ್ನುತ್ತಿದ್ದರು. ಬಾಯಲ್ಲಿ ಸದಾ ಹೊಗೆಸೊಪ್ಪು. ಮಾತಿಗೆ ನಿಂತರೆ ನನ್ನಂಥ ಆಫೀಸರನ್ನೂ ಬಿಡದ ಹೆಂಗಸು.

ಬಿಸಿಲೇರಿತು, ಗಿಡ ಮುರುಟಿತು. "ಮದ್ದು ಉಜ್ಜುದ್ರೂವೆ ಇಂಗಾಯ್ತಲ್ಲ ಸಾ, ಯಾಕೆ?" ಎಂದು ಬದುವಿನ ಮೇಲೆ ನಿಂತವರೆಲ್ಲ ನನ್ನನ್ನೇ ನೋಡಿದರು.

"ಸಿದ್ದಮ್ಮನ ಕೈ. ಹೊಗೆಸೊಪ್ಪಿನ ಕೈಯಲ್ಲಿ ಸಸಿ ಮುಟ್ಟಿದ್ದಕ್ಕೇ ರೋಗ ಬಂದದ್ದು" ಎಂದೆ.

ಹೊಗೆಸೊಪ್ಪಿನಿಂದ ಈ ರೋಗ ಹರಡುವುದುಂಟು, ಪುಸ್ತಕದಲ್ಲಿದೆ — ಅದಕ್ಕೇ ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂತು. ಆಕೆ ಮುಟ್ಟದ ಸಾಲುಗಳೂ ಹಾಗೆಯೇ ಮುರುಟಿದ್ದವು.

"ನನ್ ಕೈಯಾ ಸಾ?" ಅಲ್ಲೇ ನಿಂತಿದ್ದ ಸಿದ್ದಮ್ಮ ಅಂದಳು. ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

ಮರುವರ್ಷ ಮೊದಲ ಸಸಿಗೆ ಬೇರೊಬ್ಬಳನ್ನು ಕರೆದರು. ಆಮೇಲೆ ನಾಟಿ ಕೂಲಿಗೂ ಕರೆಯಲಿಲ್ಲ. ಹಿತ್ತಲಿಗೆ ಹಾಕುವ ಅವರೆ ಬೀಜವನ್ನೂ ಸೊಸೆ ಆಕೆಯ ಕೈಗೆ ಕೊಡುತ್ತಿರಲಿಲ್ಲವಂತೆ. ಹೊಗೆಸೊಪ್ಪು ಬಿಟ್ಟಳು, ಆದರೂ ಯಾರೂ ಕರೆಯಲಿಲ್ಲ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ನಾಳೆ ಹೋದರಾಯಿತು, ಮುಂದಿನ ಸಲ ಹೇಳಿದರಾಯಿತು — ಹೇಡಿಗೆ ನಾಳೆಗಳೇನು ಕಡಿಮೆಯೇ?

ವರ್ಷಗಳ ಮೇಲೆ ಹೋಗಿ ಎಲ್ಲ ಹೇಳಿದೆ. ಜಗಲಿಯ ಮೇಲೆ ಕೂತಿದ್ದಳು. ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ —

"ಮುದ್ಕಿಗೆ ಸಮಾಧಾನ ಏಳಕ್ಕೆ ಅಷ್ಟು ದೂರದಿಂದ ಬಂದ್ರಾ? ಬುಡಿ ಸಾ. ನನ್ ಕೈಯೇ ಕೆಟ್ಟದ್ದು. ನಂಗೊತ್ತು."

ಆಣೆ ಇಟ್ಟು ಹೇಳಿದೆ. ಊರವರಿಗೂ ಹೇಳಿದೆ, ಮುದುಕಿಗಾಗಿ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುವ ದೊಡ್ಡ ಮನಸ್ಸಿನ ಆಫೀಸರು ಎಂದು ಕಾಫಿ ಕೊಟ್ಟು ಕಳಿಸಿದರು. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಸಿದ್ದಮ್ಮ, ನಿಜವನ್ನು ಸಾಯುವವರೆಗೂ ನಂಬಲಿಲ್ಲ.